ಎಂಟಾಣೆ ಒದೆ

ನಮ್ಮ ಆಸ್ಪತ್ರೆಯ ಹಳೇ ಪೇಶಂಟುಗಳಿಗೆ ಒಂದು ಚಟವಿದೆ. ದಾರಿಯಲ್ಲಿ ಸಿಕ್ಕರೆ ನಮಸ್ಕಾರ, ಆರಾಮ, ಚಹಾ ಇವೆಲ್ಲ ಆಮೇಲೆ. ಒಂದು ಕಾಲಕ್ಕೆ ಕೆಟ್ಟು ಕೂತಿದ್ದ ಕೈಯನ್ನೋ ಕಾಲನ್ನೋ ಮೊದಲು ಆಡಿಸಿ ತೋರಿಸಲೇಬೇಕು. ಮೊನ್ನೆ ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ರಬಕವಿಯ ಒಬ್ಬ ನೇಕಾರ ಹೆಣ್ಣುಮಗಳು ನನ್ನನ್ನು ಕಂಡವಳೇ ಕೈಚೀಲ ನೆಲಕ್ಕಿಟ್ಟು, ಬಲಗೈಯನ್ನು ಕಿವಿಗೆ ತಾಗುವ ಹಾಗೆ ನೆಟ್ಟಗೆ ಮೇಲಕ್ಕೆತ್ತಿ ನಿಂತಳು. ಬಸ್ಸಿಗೆ ಕೈ ಮಾಡುತ್ತಿದ್ದಾಳೆ ಎಂದುಕೊಂಡು ಒಂದಿಷ್ಟು ಮಂದಿ ಗಂಟು ಹೊತ್ತು ಆ ಕಡೆ ಓಡಿದರು.

"ಛಲೋ ಏರೈತಿ ಬಿಡವ್ವಾ," ಎಂದೆ. ಕೈ ಹಾಗೆಯೇ ಮೇಲಿತ್ತು.

"ಅಕ್ಕಾರ, ನಿಮಗ ಗೊತ್ತಾತೋ ಇಲ್ಲೋ? ಕಸರತ್ತಿನ ಸಾಹೇಬ್ರು ತೀರಕೊಂಡ್ರಂತರಿ," ಎಂದಳು. ಆಮೇಲೆ ಕೈ ಇಳಿಸಿದಳು.

ನಾನು ಹತ್ತಬೇಕಾಗಿದ್ದ ಲೋಕಾಪುರದ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ನಿವೃತ್ತಳಾದ ಮೇಲೆ ಯಾರ ಸುದ್ದಿಗೂ ಅಷ್ಟಾಗಿ ಅಳು ಬಾರದ ನನಗೆ ಅಲ್ಲೇ ಕಲ್ಲು ಬೆಂಚಿನ ಮೇಲೆ ಅಳು ಬಂತು. ಅದರ ಜೊತೆಗೇ ನಗುವೂ ಬಂತು. ಆ ಮನುಷ್ಯನನ್ನು ನೆನೆದು ಬರೀ ಅಳುವುದು ಯಾರಿಂದಲೂ ಆಗುವ ಕೆಲಸವಲ್ಲ.

ಜಮಖಂಡಿಯ ಆ ಆಸ್ಪತ್ರೆಯಲ್ಲಿ ನಾನು ರೆಕಾರ್ಡ್ ರೂಮಿನವಳು. ಪೇಶಂಟುಗಳ ಕಾಗದಪತ್ರ ಜೋಡಿಸಿ ಇಡುವುದು, ಕೇಳಿದಾಗ ತೆಗೆದುಕೊಡುವುದು, ಇಲಿಯ ಮೇಲೆ ಕಣ್ಣಿಡುವುದು ನನ್ನ ಕೆಲಸ. ಅವರು ಫಿಜಿಯೋಥೆರಪಿಯವರು. ಆ ಶಬ್ದ ನಮ್ಮ ಮಂದಿಯ ಬಾಯಲ್ಲಿ ತಿರುಗದು, ಹಾಗಾಗಿ 'ಕಸರತ್ತಿನ ಸಾಹೇಬ್ರು' ಎಂದಾಯಿತು. ಹೆಸರು ಕೇಳಿ ಊರಿನ ಗರಡಿಮನೆಯ ಪೈಲ್ವಾನರು ಮೊದಮೊದಲು ಅವರನ್ನು ನೋಡಲು ಬರುತ್ತಿದ್ದರು. ಬಾಗಿಲಲ್ಲಿ ನಿಂತು, ಅಂಗಿಯೊಳಗೆ ಇದೆಯೋ ಇಲ್ಲವೋ ಎನ್ನುವ ಹಾಗಿದ್ದ ಅವರ ತೋಳು ನೋಡಿ, "ಪಾಪ" ಎಂದು ಹೋಗುತ್ತಿದ್ದರು. ಒಬ್ಬ ಪೈಲ್ವಾನನಂತೂ ಮರುದಿನ ಹಾಲಿನ ತಂಬಿಗೆ ಕಳಿಸಿದ್ದ.

ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು, ಕಿಸೆಯಲ್ಲಿ ಕೀಲು ಎಷ್ಟು ಮಡಚುತ್ತದೆ ಎಂದು ಅಳೆಯುವ ಪಟ್ಟಿ. ಟೇಪು ನೋಡಿ ಬನಹಟ್ಟಿಯ ಒಬ್ಬ ಮುದುಕಿ ಕುಪ್ಪಸದ ಬಟ್ಟೆ ತಂದು ಕೊಟ್ಟಳು. ಇವರು ಸುಮ್ಮನಿರಬಾರದೇ? ಭುಜದ ಅಳತೆ ಪೂರಾ ತೆಗೆದು, ಎಡ ಭುಜ ಬಲಕ್ಕಿಂತ ಇಳಿದಿದೆ ಎಂದು ಬರೆದು, ಸೀದಾ ಒಳಗೆ ಕರೆದು ಮಂಚದ ಮೇಲೆ ಕೂರಿಸಿದರು. ಮುದುಕಿಯ ಕುತ್ತಿಗೆನೋವು ಹೋಯಿತು. ಕುಪ್ಪಸ ಹೊಲಿಯಲಿಲ್ಲ ಎಂಬ ಸಿಟ್ಟು ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಅವರಿಗೂ ನನಗೂ ಜಗಳ ಇದ್ದದ್ದು ಜಾಗಕ್ಕಾಗಿ. ಬೇರೆ ಡಾಕ್ಟರುಗಳು 'ಅದೇ ಔಷಧ ಮುಂದುವರಿಸಿ' ಎಂದು ಒಂದು ಸಾಲು ಗೀಚಿ ಕಳಿಸುತ್ತಿದ್ದರು. ಈ ಮನುಷ್ಯನಿಗೆ ಆ ಸಾಲು ಕಂಡರೆ ಆಗುತ್ತಿರಲಿಲ್ಲ. "ನಿನ್ನಿನ ಮನಷ್ಯಾನ ಇವತ್ತ ಬರೂದಿಲ್ಲರಿ ಅಕ್ಕಾರ, ಹಂಗಾರ ನಿನ್ನಿನ ಮಾತ ಯಾಕ ಬರೀಬೇಕು?" ಎನ್ನುತ್ತಿದ್ದರು. ಹಾಗಾಗಿ ಅವರ ಕಾಗದದಲ್ಲಿ ಇಂಥವು ಇರುತ್ತಿದ್ದವು: 'ಇಂದು ಬೀಳಗಿಯಿಂದ ನಿಂತೇ ಬಂದಿದ್ದಾರೆ, ಸೀಟು ಸಿಕ್ಕಿಲ್ಲ, ಸೊಂಟ ನಿನ್ನೆಗಿಂತ ಬಿಗಿ.' 'ಇಂದು ಮಗಳ ಸೀಮಂತ, ನೋವು ಇದೆಯೇ ಎಂದು ಕೇಳಿದರೆ ನೆನಪಿಲ್ಲ ಎಂದರು.' 'ಇಂದು ವ್ಯಾಯಾಮ ಮಾಡಿದೆನೆಂದು ಹೇಳಿದರು, ಮಾಡಿಲ್ಲ, ಮುಖದಲ್ಲಿ ಗೊತ್ತಾಗುತ್ತದೆ.' ಭುಜ ಇಷ್ಟೇ ಇಷ್ಟು, ಅದರ ಫೈಲು ತಲೆದಿಂಬಿನಷ್ಟು. ನನ್ನ ಕಪಾಟಿನ ಒಂದು ಹಲಗೆ ಇವರ ಭಾರಕ್ಕೆ ನಡು ಬಗ್ಗಿ ಹೋಯಿತು. ಅದನ್ನು ತೋರಿಸಲು ಕರೆದರೆ ಟೇಪು ಹಿಡಿದು ಹಲಗೆಯ ಬಗ್ಗು ಅಳೆದು, "ಇದಕ್ಕ ಕೆಳಗಿಂದ ಆಧಾರ ಬೇಕರಿ," ಎಂದು ಸಲಹೆ ಕೊಟ್ಟು ಹೋದರು. ಅಂದು ನಾನು ಊಟ ಮಾಡಲಿಲ್ಲ, ಅಷ್ಟು ಸಿಟ್ಟು.

ಅವರ ಮಾತು ಒಂದೇ. "ಬರೀಲಿಲ್ಲಂದ್ರ ಮಾಡಿಲ್ಲಂತ ತಿಳೀಬೇಕು." ಇದನ್ನು ಗುಣಮಟ್ಟದ ತರಬೇತಿ ಕೊಡಲು ಬಂದವರೆಲ್ಲ ಹೇಳುತ್ತಾರೆ, ಹೊಸದೇನಲ್ಲ. ಆದರೆ ಇವರು ಅದರ ಹಿಂದೆಯೇ ಇನ್ನೊಂದು ಸೇರಿಸುತ್ತಿದ್ದರು. "ಮಾಡಿಲ್ಲಂದ್ರ ಬರೀಬಾರದು." ತರಬೇತಿಯವರು ಈ ಎರಡನೆಯದನ್ನು ಹೇಳಿದ್ದು ನಾನು ಕೇಳಿಲ್ಲ.

ನೋವು ಅಳೆಯಲು ಮೇಲಿನವರು ಒಂದು ಚಿತ್ರಪಟ ಕಳಿಸಿದ್ದರು. ಸಾಲಾಗಿ ದುಂಡನೆಯ ಮುಖಗಳು, ಒಂದು ತುದಿಯಲ್ಲಿ ನಗು, ಇನ್ನೊಂದು ತುದಿಯಲ್ಲಿ ಅಳು. ನಿಮ್ಮ ನೋವು ಯಾವ ಮುಖದಂತಿದೆ ಎಂದು ಪೇಶಂಟು ಬೆರಳಿಟ್ಟು ತೋರಿಸಬೇಕು. ಬೀರದೇವರ ಗುಡಿಯಲ್ಲಿ ಡೊಳ್ಳು ಬಾರಿಸುವ ಒಬ್ಬ ಕುರುಬರ ಹಿರಿಯ ಅದನ್ನು ಬಹಳ ಹೊತ್ತು ನೋಡಿ, "ಇವ್ರೆಲ್ಲಾ ಯಾವೂರವ್ರರಿ? ಈ ಕಡೀಕಿನಾಂವ ನಮ್ಮ ತಮ್ಮನಂಗ ಕಾಣತಾನ," ಎಂದ. ಸಾಹೇಬರು ಪಟವನ್ನು ಗೋಡೆಗೆ ತಿರುಗಿಸಿಟ್ಟರು. ನಮ್ಮ ಮಂದಿ ಆರಾಮನ್ನು ಹೇಳುವುದು ಆಣೆಯಲ್ಲಿ. ನಾಲ್ಕಾಣೆ ಆರಾಮ, ಎಂಟಾಣೆ ಆರಾಮ, ಪೂರಾ ಆದರೆ ಹದಿನಾರಾಣೆ. ಆಣೆ ಪೇಟೆಯಲ್ಲಿ ಸತ್ತು ಎಷ್ಟೋ ಕಾಲವಾದರೂ ಮೈಯಲ್ಲಿ ಇನ್ನೂ ಚಲಾವಣೆಯಲ್ಲಿತ್ತು. ಸಾಹೇಬರು ಹಾಗೆಯೇ ಬರೆದುಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಫಜೀತಿ ಇದ್ದದ್ದು 'ಗುರಿ' ಎಂಬ ಕಾಲಮಿನಲ್ಲಿ. ಚಿಕಿತ್ಸೆಯಿಂದ ಏನಾಗಬೇಕು ಎಂದು ಮೊದಲ ದಿನವೇ ಪೇಶಂಟಿನ ಮಾತಿನಲ್ಲಿ ಬರೆಯಬೇಕು. ಬೇರೆಯವರು 'ನೋವು ಕಡಿಮೆಯಾಗಬೇಕು' ಎಂದು ತಾವೇ ಬರೆದು ಮುಗಿಸುತ್ತಿದ್ದರು. ಇವರು ಕೇಳುತ್ತಿದ್ದರು, ಹೇಳಿದ್ದನ್ನು ಬರೆಯುತ್ತಿದ್ದರು, ಅದು ಆಗುವುದನ್ನು ತಮ್ಮ ಕಣ್ಣಿಂದ ನೋಡುವ ತನಕ ಫೈಲು ಮುಚ್ಚುತ್ತಿರಲಿಲ್ಲ. ಕುರುಬರ ಹಿರಿಯ 'ಡೊಳ್ಳು ಬಾರಿಸಬೇಕು' ಎಂದಿದ್ದ. ಗುಣವಾದ ದಿನ ಡೊಳ್ಳು ಕಟ್ಟಿಕೊಂಡೇ ಬಂದ. ಸಾಹೇಬರು ಬಾರಿಸಿ ಎಂದರು. ಎದೆನೋವಿನ ವಾರ್ಡಿನಲ್ಲಿ ಮಲಗಿದ್ದವರೆಲ್ಲ ಎದ್ದು ಕೂತರು. ಬಸ್‌ಸ್ಟ್ಯಾಂಡಿನಲ್ಲಿ ಕೈ ಎತ್ತಿದಳಲ್ಲ, ಆ ರಬಕವಿಯವಳದ್ದು 'ಮಗ್ಗದ ಹಗ್ಗ ಜಗ್ಗಬೇಕು'. ಕೋಣೆಯಲ್ಲಿ ಭುಜಕ್ಕೆಂದೇ ಹಗ್ಗ, ಗಾಲಿ ತೂಗುಬಿಟ್ಟಿದ್ದರು. ಅವಳಿಗೆ ಅದು ಸರಿಬರಲಿಲ್ಲ. "ಸಪ್ಪಳಾನ ಇಲ್ಲರಿ ಇದಕ್ಕ, ಕೈ ಏಳೂದಿಲ್ಲ," ಎಂದಳು. ಅಂದಿನಿಂದ ಅವಳು ಹಗ್ಗ ಜಗ್ಗುವಾಗ ಸಾಹೇಬರು ಸ್ಟೂಲಿನ ಮೇಲೆ ಕೂತು ಬಾಯಲ್ಲಿ ಟಕ್, ಟಕ್ ಎನ್ನುತ್ತಿದ್ದರು. ಬರೆಯುತ್ತಲೂ ಟಕ್, ಚಹಾ ಕುಡಿಯುತ್ತಲೂ ಟಕ್. ನಾನು ಒಮ್ಮೆ ಒಳಗೆ ಹೋದವಳು, ಈ ಮನುಷ್ಯನಿಗೆ ತಲೆ ಕೆಟ್ಟಿತು ಎಂದು ಹೊರಗೆ ಬಂದಿದ್ದೆ.

ಇನ್ನು ಅಜ್ಜನ ವಿಷಯಕ್ಕೆ ಬರುತ್ತೇನೆ.

ಆಲಮಟ್ಟಿಯ ನೀರು ಏರಿ ಬೀಳಗಿ ಕಡೆಯ ಹಳ್ಳಿಗಳು ಎದ್ದುಹೋದ ಕಾಲ. ಮಂದಿ ಮನೆ ಕಿತ್ತು ತೊಲೆ, ಕಲ್ಲು, ಬಾಗಿಲು ಎಲ್ಲ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೊಸ ಜಾಗಕ್ಕೆ ಹೋಗುತ್ತಿದ್ದರು. ಈ ಅಜ್ಜನ ಮನೆಗೆ ಸಾಗವಾನಿಯ ಒಂದು ತಲಬಾಗಿಲು ಇತ್ತು. ಅವನ ಮಗಳನ್ನು ಅದೇ ಊರಿನವರಿಗೇ ಕೊಟ್ಟಿದ್ದರು, ಅಳಿಯನ ತಂದೆ ಎಂದರೆ ಬೀಗರದ್ದು ಟ್ರ್ಯಾಕ್ಟರು. ಎರಡೂ ಮನೆಯ ಸಾಮಾನು ಒಂದೇ ಟ್ರ್ಯಾಕ್ಟರಿನಲ್ಲಿ ಹೋದವು. ಎರಡು ಮನೆಗೆ ಎರಡು ಬೇರೆ ಬೇರೆ ಪುನರ್ವಸತಿ ಕೇಂದ್ರದಲ್ಲಿ ಜಾಗ ಸಿಕ್ಕಿತ್ತು. ಅಜ್ಜ ತನ್ನ ಬಾಗಿಲು ಹುಡುಕಿಕೊಂಡು ಹೋಗುವಷ್ಟರಲ್ಲಿ ಅದು ಬೀಗರ ಹೊಸ ಮನೆಗೆ ಕೂತು, ಮಾವಿನ ತೋರಣ ಕಟ್ಟಿಸಿಕೊಂಡು, ಪೂಜೆಯೂ ಆಗಿತ್ತು. "ಸಾಮಾನು ಕಲತು ಹೋದೂವರಿ ಬೀಗರ, ಈಗ ಪೂಜಿ ಆಗೇತಿ, ಕಿತ್ತರ ಮನಿಗೆ ಛಲೋ ಅಲ್ಲ," ಎಂದರಂತೆ ಬೀಗರು. ಅಜ್ಜ ಅವರನ್ನು ಒದೆಯಲು ಬೆನ್ನಟ್ಟಿದ. ಬೀಗರು ಪಕ್ಕದ ಪಾಯದ ಗುಂಡಿ ಜಿಗಿದರು. ಅಜ್ಜ ಗುಂಡಿಯೊಳಗೆ ಬಿದ್ದು ಬಲತೊಡೆಯ ಎಲುಬು ಮುರಿದುಕೊಂಡ. ರಾಡು ಹಾಕಿಸಿಕೊಂಡು ಸಾಹೇಬರ ಕೋಣೆಗೆ ಬಂದ.

ಗುರಿ ಏನು ಎಂದು ಸಾಹೇಬರು ಕೇಳಿದಾಗ ನಾನು ಅಲ್ಲೇ ಇದ್ದೆ.

"ಬೀಗರನ್ನ ಒದಿಬೇಕ್ರಿ," ಎಂದ ಅಜ್ಜ.

ಸಾಹೇಬರು ಪೆನ್ನಿನ ಕ್ಯಾಪು ತೆಗೆದರು. "ಯಾವ ಕಾಲಿಂದ?"

"ಬಲಗಾಲಿಂದನ ಆಗಬೇಕ್ರಿ. ಎಡಗಾಲಿಲೆ ಒದ್ರ ಅಪಮಾನ ಆಗತೈತಿ. ಏನಂದ್ರೂ ಅವ್ರು ಬೀಗರು."

"ಎಲ್ಲಿಗೆ ಒದಿಯಾವ್ರು? ಮೊಣಕಾಲಿಗಾದ್ರ ಬ್ಯಾರೆ ಲೆಕ್ಕಾ, ಕುಂಡಿಗಾದ್ರ ಬ್ಯಾರೆ. ತೊಡಿ ಅಷ್ಟು ಏಳಬೇಕಾಗತೈತಿ."

"ಕುಂಡಿಗೇರಿ. ಖರೆ ಅವ್ರು ನನಗಿಂತ ಎತ್ತರ ಅದಾರ."

"ಎಷ್ಟು?"

"ಒಂದ್ ಗೇಣು ಹಿಡೀರಿ."

ಎಲ್ಲವನ್ನೂ ಬರೆದುಕೊಂಡರು. ನಾನು ಬಾಯಿ ತೆರೆಯುವ ಮೊದಲೇ, "ಪೇಶಂಟಿನ ಮಾತರಿ ಅಕ್ಕಾರ, ನಂದಲ್ಲ," ಎಂದರು. ಮರುದಿನ ಒಂದು ಗೋಣಿಚೀಲಕ್ಕೆ ಹಳೇ ಅರಿವೆ ತುಂಬಿ ಚಾವಣಿಯಿಂದ ತೂಗುಬಿಟ್ಟಿದ್ದರು, ಬೀಗರ ಎತ್ತರಕ್ಕೆ ಸರಿಯಾಗಿ. ಅಜ್ಜ ಎರಡು ಸಮಾನಾಂತರ ಕಂಬಿ ಹಿಡಿದು ನಿಂತು ಅದಕ್ಕೆ ಒದೆಯುವುದನ್ನು ಕಲಿಯತೊಡಗಿದ. ಒದ್ದ ಪ್ರತಿ ಸಲವೂ ಚೀಲ ಹಿಡಿದು ನಿಲ್ಲಿಸಿ, "ತಡೀರಿ ಬೀಗರ," ಎನ್ನುತ್ತಿದ್ದ.

ಸ್ವಲ್ಪ ಕಾಲದ ಮೇಲೆ ಬೀಗರಿಗೂ ಮೊಣಕಾಲು ಹಿಡಿಯಿತು. ಬಸ್ಸು ಹತ್ತಿ ನಮ್ಮ ಆಸ್ಪತ್ರೆಗೇ ಬಂದರು. ಗುರಿ ಕೇಳಿದಾಗ ಅವರೂ ಯೋಚಿಸಲಿಲ್ಲ. "ನಮ್ಮ ಬೀಗರು ಒದಿಯಾಕ ಬರತಾರ್ರಿ. ಬಂದ್ರ ಓಡಾಕ ಬರಬೇಕು," ಎಂದರು. ಸಾಹೇಬರು ಅದನ್ನೂ ಬರೆದುಕೊಂಡರು. ಒಬ್ಬನಿಗೆ ಒದೆಯಲು ಕಲಿಸುವುದು, ಇನ್ನೊಬ್ಬರಿಗೆ ತಪ್ಪಿಸಿಕೊಳ್ಳಲು ಕಲಿಸುವುದು, ಇಬ್ಬರಿಗೂ ಮೋಸವಾಗದ ಹಾಗೆ ಕಲಿಸುವುದು. ಇಂಥ ಸಂಕಟ ಯಾವ ಡಾಕ್ಟರಿಗೂ ಬಂದಿರಲಿಕ್ಕಿಲ್ಲ. ಇಬ್ಬರೂ ಎದುರುಬದುರು ಆಗದಂತೆ ಬೇರೆ ಬೇರೆ ದಿನ ಹಾಕಿದರು. ಬೀಗರು ಮೊದಲ ದಿನವೇ ಚೀಲದ ಪಕ್ಕ ನಿಂತು ತಮ್ಮ ಸೊಂಟಕ್ಕೆ ಹೋಲಿಸಿ ನೋಡಿದರು. "ಇದು ಏನ್ರಿ ಸಾಹೇಬ್ರ?" "ಇನ್ನೊಬ್ಬ ಪೇಶಂಟಿನ ಗುಟ್ಟರಿ, ಹೇಳಂಗಿಲ್ಲ." ಬೀಗರು ಮತ್ತೊಮ್ಮೆ ಚೀಲದ ಹತ್ತಿರ ನಿಂತು, ಬೆವರಿ, ಅಂದು ಎಂದಿಗಿಂತ ಹೆಚ್ಚು ವ್ಯಾಯಾಮ ಮಾಡಿ ಹೋದರು.

ಆಮೇಲೆ ನನ್ನ ಕಿಟಕಿಗೆ ಬರತೊಡಗಿದರು. ಅಜ್ಜನ ಕಾಲು ಎಲ್ಲಿಯ ತನಕ ಏಳುತ್ತದೆ, ಒಂದು ಸಲ ಫೈಲು ತೋರಿಸಿ ಎಂದು ಮುಧೋಳ ಕಡೆಯ ಆಲೆಮನೆಯ ಬೆಲ್ಲದ ಹೆಂಟೆ ತಂದಿಟ್ಟರು. ಬೆಲ್ಲ ಒಳಗಿಟ್ಟುಕೊಂಡೆ, ಫೈಲು ತೋರಿಸಲಿಲ್ಲ. ಇದು ತಪ್ಪು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ.

ಹೀಗೆ ವರ್ಷಗಳು ಕಳೆದವು. ಅಜ್ಜ ಆರಾಮಾಗಿ ನಡೆಯುತ್ತಿದ್ದ, ಚೀಲದ ಹೊಲಿಗೆ ಬಿಚ್ಚುವ ಹಾಗೆ ಒದೆಯುತ್ತಿದ್ದ, ಬೀಗರನ್ನು ಮಾತ್ರ ಒದ್ದಿರಲಿಲ್ಲ. ಯಾಕೆ ಎಂದು ಕೇಳಿದರೆ ಇವತ್ತು ಅಮಾವಾಸ್ಯೆ, ಮಗಳು ಬಸುರಿ, ಮೊಮ್ಮಗನ ಜವಳ, ಏನಾದರೊಂದು. ಫೈಲು ತೆರೆದೇ ಇತ್ತು.

ಆಗ ಬಂತು ತಪಾಸಣೆ. ಆಸ್ಪತ್ರೆಗೆ ಗುಣಮಟ್ಟದ ಸರ್ಟಿಫಿಕೇಟು ಬೇಕೆಂದು ನಮ್ಮ ಚೇರಮನ್ನರು ಹಟ ಹಿಡಿದಿದ್ದರು. ಅವರಿಗೆ ಇನ್ನೊಂದು ಆಸೆಯೂ ಇತ್ತು. ಸಾಹೇಬರ ಕೋಣೆ ಮುಂಬಾಗಿಲ ಪಕ್ಕದಲ್ಲಿ, ರಸ್ತೆಗೆ ಮುಖ ಮಾಡಿ ಇತ್ತು. ಅಲ್ಲಿ ಅಳಿಯನ ಔಷಧದಂಗಡಿ ಚೆಂದ ಕೂರುತ್ತದೆ ಎಂದು ಅವರು ಯಾರ ಮುಂದೆಯೂ ಮುಚ್ಚಿಡುತ್ತಿರಲಿಲ್ಲ. ಒಂದು ದಿನ ಸಾಹೇಬರನ್ನು ಕರೆದು, ನನ್ನನ್ನೂ ನಿಲ್ಲಿಸಿಕೊಂಡು ಹೇಳಿದರು: "ಗುರಿ ಬರದು, ಅದು ಮುಟ್ಟದಂಗ ವರ್ಷಾನಗಟ್ಟಲೆ ತೆರದಿಟ್ಟ ಫೈಲು ಒಂದ್ ಸಿಕ್ರೂ ಕೆಂಪು ಗುರ್ತು ಬೀಳತೈತಿ. ನಿಮ್ಮ ವಿಭಾಗಕ್ಕ ಕೆಂಪು ಬಿತ್ತಂದ್ರ ಖೋಲಿ ಬಿಟ್ಟು ಹಿಂದಿನ ಪಡಸಾಲ್ಯಾಗ ಒಂದ್ ಬಾಂಕ್ ಹಾಕ್ಕೊಂಡು ಕುಂದರ್ರಿ. ಮುಚ್ಚೋದು ನಿಮ್ಮ ಕೈಯಾಗೈತಿ."

ಹಾಗೆ ವರ್ಷಗಟ್ಟಲೆ ತೆರೆದಿದ್ದ ಫೈಲು ಎರಡೇ. ಒದೆಯ ಫೈಲು, ಓಡುವ ಫೈಲು.

"'ಗುರಿ ಮುಟ್ಟಿದೆ' ಅಂತ ಎರಡು ಶಬ್ದಾ ಬರೀರಿ, ಹಗುರ ಆಗರಿ," ಎಂದೆ ನಾನು.

"ಒದ್ದಿಲ್ಲಲ್ಲರಿ ಅಕ್ಕಾರ."

"ಹಂಗಾರ ಗುರಿನಾರ ತಿದ್ರಿ. ಗಾಳಿಗೆ ಒದೀಬೇಕು ಅಂತ ಮಾಡ್ರಿ."

"ಅದು ಅಜ್ಜನ ಮಾತು. ಅಜ್ಜನ ತಿದ್ದಬೇಕು." ಅಜ್ಜನನ್ನು ಕೇಳಿದ್ದೂ ಆಯಿತು. ಇಷ್ಟು ವರ್ಷ ಕಾಲು ಎತ್ತಿದ್ದು ಗಾಳಿಗೆ ಒದೆಯಲು ಅಲ್ಲ ಎಂದು ಅಜ್ಜ ಎದ್ದುಹೋದ.

ಅಂದು ಸಂಜೆ ಬೀಗ ಹಾಕುವ ಮೊದಲು ನೋಡಿದರೆ ಸಾಹೇಬರು ಆ ಎರಡು ಕಂಬಿಗಳ ನಡುವೆ, ಪೇಶಂಟುಗಳು ನಿಲ್ಲುವ ಜಾಗದಲ್ಲಿ ಒಬ್ಬರೇ ನಿಂತಿದ್ದರು. ಕಂಬಿಯ ಕಾಲು ನೆಲದೊಳಗೆ ಹೂತು ಸಿಮೆಂಟು ಹಾಕಿದ್ದು, ಕೋಣೆ ಹೋದರೆ ಅದನ್ನು ಕೊಯ್ದೇ ತೆಗೆಯಬೇಕು. ಕೈ ಹಿಡಿಯುವ ಕಡೆ ಕಬ್ಬಿಣ ನುಣುಪಾಗಿ ಹೊಳೆಯುತ್ತಿತ್ತು. "ಪಡಸಾಲ್ಯಾಗ ಇದನ್ನ ನೆಡಾಕ ಬರೂದಿಲ್ಲರಿ. ಕಾಲ ಬಿದ್ದಾವ್ರು ಬಂದ್ರ ಏನ್ ಹಿಡಕೊಂಡ ನಿಲ್ಲೂದು?" ಎಂದರು. ಅವರ ಬಗ್ಗೆ ನನಗಿದ್ದ ಸಿಟ್ಟೆಲ್ಲ ಆ ಮಾತಿಗೆ ಕರಗಿ ಹೋಯಿತು. ದಪ್ಪ ಫೈಲಿನ ಸಿಟ್ಟೂ ಹೋಯಿತು.

ತಪಾಸಣೆಯ ದಿನ ಎಂದೂ ತಪ್ಪದ ಮನುಷ್ಯ ತಪ್ಪಿದರು. ಬಂದವರಿಗೆ ತೋರಿಸಲು ಚೆನ್ನಾಗಿ ಸುಧಾರಿಸಿದ ಪೇಶಂಟುಗಳನ್ನು ಕರೆಸಬೇಕಿತ್ತು. ಗಾಬರಿಯಲ್ಲಿ ಅಜ್ಜನಿಗೂ ಬರಹೇಳಿದರು, ಬೀಗರಿಗೂ ಬರಹೇಳಿದರು.

ತಪಾಸಣೆಯ ಡಾಕ್ಟರು ಮೈಸೂರು ಕಡೆಯವರು, ಮೆಲುದನಿಯ ಸಭ್ಯ ಮನುಷ್ಯ. ಸಾಹೇಬರ ಮೇಜಿನ ಮುಂದೆ ಕೂತು ತೆರೆದ ಫೈಲುಗಳನ್ನು ಕೇಳಿದರು. ನಾನೇ ತಂದುಕೊಟ್ಟೆ. ಚೇರಮನ್ನರು ಬಾಗಿಲಲ್ಲಿ ನಿಂತು ಗೋಡೆಯ ಅಗಲ ನೋಡುತ್ತಿದ್ದರು. ಡಾಕ್ಟರು ಮೊದಲನೆಯದನ್ನು ಓದಿ, ಕನ್ನಡಕ ಒರೆಸಿ, ಮತ್ತೆ ಓದಿದರು.

"ಇಲ್ಲಿ ಬೀಗರನ್ನು ಒದೆಯಬೇಕು ಅಂತಿದೆ."

"ಹೌದ್ರಿ."

"ಇದು ಚಿಕಿತ್ಸೆಯ ಗುರಿನಾ?"

"ಗುರಿ ಪೇಶಂಟಿನ ಮಾತಿನಾಗ ಇರಬೇಕಂತ ನಿಮ್ಮ ಪುಸ್ತಕದಾಗ ಐತ್ರಿ."

ಡಾಕ್ಟರು ಇದಕ್ಕೆ ಏನು ಹೇಳುತ್ತಿದ್ದರೋ. ಆದರೆ ಅಷ್ಟರಲ್ಲಿ ಕಂಬಿಗಳ ನಡುವೆ ನಡೆಯುತ್ತಿದ್ದ ಬೀಗರು ಆ ತುದಿಗೆ ಹೋಗಿ ಈ ಕಡೆ ತಿರುಗಿದರು. ಅದೇ ಹೊತ್ತಿಗೆ ಅಜ್ಜ ಚೇರಮನ್ನರನ್ನು ಸರಿಸಿಕೊಂಡು ಒಳಗೆ ಬಂದ. ಇಬ್ಬರೂ ಚೀಲದ ಎರಡು ಬದಿಗೆ ನಿಂತರು.

"ನಮಸ್ಕಾರ್ರಿ ಬೀಗರ," ಎಂದ ಅಜ್ಜ.

"ನಮಸ್ಕಾರ್ರಿ," ಎಂದವರೇ ಬೀಗರು ಓಡಿದರು.

ನಾನು ಆಸ್ಪತ್ರೆಯಲ್ಲಿ ಅಂಥ ಓಟ ಕಂಡಿಲ್ಲ. ಬೀಗರು ಮುಂದೆ, ಅಜ್ಜ ಹಿಂದೆ, ಅವರ ಹಿಂದೆ ಟೇಪು ಹಾರಾಡಿಸುತ್ತ ಸಾಹೇಬರು, ಅವರ ಹಿಂದೆ ಫೈಲು ಹಿಡಿದುಕೊಂಡು ತಪಾಸಣೆಯ ಡಾಕ್ಟರು. ಪಡಸಾಲೆಯಲ್ಲಿ ಸಲಾಯಿನ್ ಬಾಟಲಿ ಹಿಡಿದು ನಡೆಯುತ್ತಿದ್ದವರು ಗೋಡೆಗೆ ಅಂಟಿಕೊಂಡರು. ಸಾಹೇಬರು ಇಬ್ಬರ ಪೈಕಿ ಯಾರ ಪಕ್ಷವನ್ನೂ ವಹಿಸಲಿಲ್ಲ. "ಬೀಗರ, ಹಿಮ್ಮಡಿ ಮೊದಲ ಊರ್ರಿ! ಅಜ್ಜಾರ, ಮೊಣಕಾಲ ಬಿಗಿ ಹಿಡೀಬ್ಯಾಡ್ರಿ, ಕೈ ಬೀಸ್ರಿ!" ಎಂದು ಇಬ್ಬರಿಗೂ ಸಮನಾಗಿ ಕೂಗುತ್ತಿದ್ದರು. ಅಂಗಳದ ಬೇವಿನ ಮರ ಎರಡು ಸುತ್ತು ಹಾಕಿ ಅಜ್ಜ ಕಟ್ಟೆಯ ಮೇಲೆ ಕುಸಿದು ಕೂತ. ಬೀಗರು ಗೇಟಿನ ಹತ್ತಿರ ನಿಂತು ಏದುಸಿರು ಬಿಟ್ಟರು.

ಸಾಹೇಬರು ಅಲ್ಲೇ ನಿಂತು ಬರೆದರು. "ಓಡುವ ಗುರಿ ಮುಟ್ಟಿದೆ, ಹದಿನಾರಾಣೆ." ಬೀಗರ ಫೈಲು ಮುಚ್ಚಿತು. ಅಜ್ಜನ ಫೈಲು ತೆರೆದು ಹಿಡಿದರು. ಪೆನ್ನು ಕೈಯಲ್ಲಿತ್ತು, ಚೇರಮನ್ನರು ನೋಡುತ್ತಿದ್ದರು, ಡಾಕ್ಟರು ನೋಡುತ್ತಿದ್ದರು. ನಾನು ಮನಸ್ಸಿನಲ್ಲಿ ಬರಿ ಮಾರಾಯಾ ಬರಿ ಎನ್ನುತ್ತಿದ್ದೆ. "ಮುಟ್ಟಿಲ್ಲರಿ," ಎಂದರು ಡಾಕ್ಟರಿಗೆ.

"ಹಾಂಗಾರ ಖೋಲಿ ಖಾಲಿ ಮಾಡ್ರಿ," ಎಂದರು ಚೇರಮನ್ನರು, ಎಲ್ಲರೂ ಕೇಳುವ ಹಾಗೆ.

ಗೇಟಿನ ಹತ್ತಿರವಿದ್ದ ಬೀಗರಿಗೆ ಆ ಮಾತು ಕೇಳಿಸಿತು. ಏನು ಎತ್ತ ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರು ಒಂದು ಗಳಿಗೆ ತಮ್ಮ ಮೊಣಕಾಲು ನೋಡಿಕೊಂಡರು. ಆಮೇಲೆ ನಿಧಾನ ನಡೆದು ಕಟ್ಟೆಯ ಹತ್ತಿರ ಬಂದು, ಧೋತರ ಬಿಗಿ ಮಾಡಿಕೊಂಡು, ಅಜ್ಜನಿಗೆ ಬೆನ್ನು ತಿರುಗಿಸಿ ನಿಂತರು.

"ಒದೀರಿ ಬೀಗರ. ಸಾಹೇಬ್ರ ಖೋಲಿ ಹೋಗತೈತಿ."

ಅಜ್ಜ ಎದ್ದ. ಬಲಗಾಲು ಹಿಂದಕ್ಕೆ ಎಳೆದ. ಇಷ್ಟು ವರ್ಷ ಚೀಲ ಹರಿಯುವಂತೆ ಒದ್ದ ಕಾಲು ಹೋಗಿ ಬೀಗರ ಧೋತರಕ್ಕೆ ಮೆತ್ತಗೆ ತಾಗಿತು. ತಾಗಿದ್ದೇ ತಡ, ಅಜ್ಜ ಒಮ್ಮೆಲೇ ಸೊಂಟದಿಂದ ಬಗ್ಗಿ, ನೆಲಕ್ಕೆ ಕೈ ತಂದು ಬೀಗರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ನಮ್ಮಲ್ಲಿ ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡುವುದು ಹುಟ್ಟಿನಿಂದ ಬಂದ ರೂಢಿ, ಅದು ಕೋಪವನ್ನು ಕೇಳಿ ಆಗುವಂಥದ್ದಲ್ಲ. ಬೀಗರೂ ಗಾಬರಿಯಾಗಿ ತಿರುಗಿ ಬಗ್ಗಿದರು. ತಲೆಗೆ ತಲೆ ತಾಗಿತು. ಅದಕ್ಕೆ ಮತ್ತೊಂದು ನಮಸ್ಕಾರವಾಯಿತು.

"ಅಷ್ಟು ಬಗ್ಗತಾರಂತ ನನಗ ಗೊತ್ತ ಇದ್ದಿಲ್ಲರಿ!" ಎಂದು ಸಾಹೇಬರು ಟೇಪು ಹಿಡಿದು ಓಡಿದರು. ಬೆರಳ ತುದಿಯಿಂದ ನೆಲದ ತನಕದ್ದನ್ನು ಅಳೆದರು. ಆಮೇಲೆ ಫೈಲು ತೆರೆದು, ಮುಖ ಗಂಭೀರ ಮಾಡಿ, "ಅಜ್ಜಾರ, ಇದನ್ನ ಒದೆ ಅಂತ ಬರೀಲೇನ್ರಿ?" ಎಂದು ಕೇಳಿದರು.

ಅಜ್ಜ ಯೋಚಿಸಿದ. "ಎಂಟಾಣೆ ಬರಕೋರಿ," ಎಂದ. "ಉಳದದ್ದು ಇರ್ಲಿ."

ಎಂಟಾಣೆ ಎಂದೇ ಬರೆದರು. ಫೈಲು ಮುಚ್ಚಲಿಲ್ಲ. ತಪಾಸಣೆಯ ಡಾಕ್ಟರು ಬಹಳ ಹೊತ್ತು ಬೇವಿನ ಮರದ ಕಡೆ ಮುಖ ಮಾಡಿ ನಿಂತಿದ್ದರು, ಭುಜ ಕುಲುಕುತ್ತಿತ್ತು. ಹೋಗುವಾಗ ಚೇರಮನ್ನರಿಗೆ, ಇಷ್ಟು ಆಸ್ಪತ್ರೆ ನೋಡಿದ್ದೇನೆ, ಬರೆದದ್ದನ್ನೆಲ್ಲ ನಂಬಬಹುದಾದ ಕೋಣೆ ಇದೊಂದೇ, ಇದನ್ನು ಅಲುಗಾಡಿಸಬೇಡಿ ಎಂದರು. ಕೆಂಪು ಗುರುತು ಬೀಳಲಿಲ್ಲ. ಔಷಧದಂಗಡಿ ಸೈಕಲ್ ಸ್ಟ್ಯಾಂಡಿನ ಪಕ್ಕ ಆಯಿತು, ಅಲ್ಲೂ ಚೆನ್ನಾಗಿಯೇ ನಡೆಯಿತು.

ಬಾಗಿಲು ಬೀಗರ ಮನೆಯಲ್ಲೇ ಉಳಿಯಿತು. ಒಯ್ಯಿರಿ ಎಂದು ಅವರೇ ಹೇಳಿದರೂ ಅಜ್ಜ ಒಯ್ಯಲಿಲ್ಲ. "ಹೋಗಿ ಬರಾಕ ನಂದ ಬಾಗಲಾ ಐತಲ್ಲ, ಸಾಕು," ಎನ್ನುತ್ತಿದ್ದ. ಅಂದಿನಿಂದ ಇಬ್ಬರೂ ಒಂದೇ ದಿನ ಆಸ್ಪತ್ರೆಗೆ ಬರತೊಡಗಿದರು, ಒಬ್ಬರು ಎಂಟಾಣೆ ಕೊಡಬೇಕಾದವರು, ಇನ್ನೊಬ್ಬರು ತಗೊಳ್ಳಬೇಕಾದವರು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ನಿವೃತ್ತಿಯ ದಿನ ಸಾಹೇಬರು ಹೊಸಬರಿಗೆ ಕೋಣೆ ಒಪ್ಪಿಸುವಾಗ, "ತೆರದಿದ್ದ ಫೈಲು ಒಂದೈತ್ರಿ. ಅವಸರ ಮಾಡಬ್ಯಾಡ್ರಿ," ಎಂದಷ್ಟೇ ಹೇಳಿದರು. ಮೂಲೆಯಲ್ಲಿ ಚೀಲ ತೂಗುತ್ತಿತ್ತು.

ರಬಕವಿಯವಳು ಸುದ್ದಿ ಹೇಳಿದ ಮರುದಿನ ಜಮಖಂಡಿಗೆ ಹೋದೆ. ಸಾಹೇಬರ ಮನೆಯ ಮುಂದೆ ಹಾಸಿದ ಜಮಖಾನೆಯ ಮೇಲೆ ಮಂದಿ ಕೂತಿದ್ದರು. ಬಂದವರಲ್ಲಿ ಪೇಶಂಟು ಯಾರು, ನೆಂಟರು ಯಾರು ಎಂದು ಕೇಳಬೇಕಾಗಿರಲಿಲ್ಲ. ಸಾಹೇಬರ ಫೋಟೋದ ಮುಂದೆ ಒಬ್ಬಾತ ಕೈ ಹಿಡಿಯದೆ ಕುಳಿತು ಎದ್ದ. ಒಬ್ಬಳು ಕುತ್ತಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸಿದಳು. ನೆಂಟರು ಕಂಗಾಲಾಗಿ ನೋಡುತ್ತಿದ್ದರು.

ಅಜ್ಜ ಮತ್ತು ಬೀಗರು ಗೋಡೆಗೆ ಒರಗಿ ಕೂತಿದ್ದರು. ಇಬ್ಬರೂ ಹಣ್ಣಾಗಿದ್ದರು. ನನ್ನನ್ನು ಕಂಡು ಅಜ್ಜ ಎದ್ದು ನಿಂತ, ಕಾಲು ಎತ್ತಲಿಲ್ಲ. ಬೀಗರೇ ಎದ್ದು, ಫೋಟೋದ ಮುಂದೆ ಅಜ್ಜನಿಗೆ ಬೆನ್ನು ತಿರುಗಿಸಿ ನಿಂತರು. "ಉಳದ ಎಂಟಾಣೆ ಇವತ್ತ ಕೊಟ್ಟ ಬಿಡ್ರಿ ಬೀಗರ," ಎಂದರು. "ಸಾಹೇಬ್ರು ನೋಡ್ಲಿ."

ಅಜ್ಜ ತಲೆ ಅಲ್ಲಾಡಿಸಿದ. "ಬರಕೊಳ್ಳಾವ್ರ ಇಲ್ಲಲ್ಲರಿ," ಎಂದ. "ಇನ್ನ ಒದ್ದು ಏನ್ ಮಾಡೂದು?"

ನಾನು ನನ್ನ ಚೀಲದಲ್ಲಿ ಕೈಯಾಡಿಸಿದೆ, ಪೆನ್ನಿತ್ತು, ಕಾಗದ ಇರಲಿಲ್ಲ, ಬಂದ ಬಸ್ಸಿನ ಟಿಕೆಟು ಇತ್ತು.

"ನಾ ಬರಕೋತೀನಿ, ಒದೀರಿ," ಎಂದೆ.

ಅಜ್ಜ ಬಲಗಾಲು ಎತ್ತಿದ. ನಡುಗುತ್ತಿತ್ತು, ಆದರೂ ಎತ್ತಿದ. ತಾಗಿದ ಮೇಲೆ ನಮಸ್ಕಾರಕ್ಕೆ ಬಗ್ಗಿದವನಿಗೆ ಏಳಲು ಆಗಲಿಲ್ಲ. ಬೀಗರು ಕಂಕುಳಲ್ಲಿ ಕೈ ಕೊಟ್ಟು ಎಬ್ಬಿಸಿ ನಿಲ್ಲಿಸಿದರು.

"ಎಷ್ಟಾಣೆ ಬರೀಲ್ರಿ ಅಜ್ಜಾರ?"

ಅಜ್ಜ ಬೀಗರ ಮುಖ ನೋಡಿದ. ಆಮೇಲೆ ಫೋಟೋ ನೋಡಿದ.

"ಹದಿನೈದು ಬರಕೋರಿ," ಎಂದ.

ಟಿಕೆಟಿನ ಹಿಂದೆ ಹದಿನೈದಾಣೆ ಎಂದು ಬರೆದೆ. ಕೆಳಗೆ, ಸಾಹೇಬರು ಬರೆಯುತ್ತಿದ್ದ ಹಾಗೆಯೇ, ಫೈಲು ತೆರೆದಿದೆ ಎಂದೂ ಬರೆದೆ.